ಸೈಟು ಸರ್ಚ್‌ನಲ್ಲಿ ಕೆಳಗೆ ಬಿದ್ದಿದೆ: ತಿಂಗಳಿಗೊಮ್ಮೆ ನಿಜವಾಗಿ ಏನೇನು ನೋಡ್ಕೋಬೇಕು?

ಬ್ಯಾಡಗಿ_ಕಡ್ಡಿ · ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಮನೆಯವರೆಲ್ಲ ಸೇರಿ ಒಣ ಮೆಣಸಿನಕಾಯಿ, ಖಾರದ ಪುಡಿ ಪ್ಯಾಕ್ ಮಾಡಿ ನಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಬ್ಯಾಡಗಿಯ ಎರಡು ಬಗೆ, ಉದ್ದದ ಕಡ್ಡಿ, ಗುಂಡಗಿನ ಡಬ್ಬಿ, ಎರಡೂ ಇವೆ. ಗಿರಾಕಿಗಳು ಜಾಸ್ತಿ ಬೆಂಗಳೂರು, ಪುಣೆ, ಮುಂಬೈ ಕಡೆಯವರು. ಜಾಹೀರಾತಿಗೆ ದುಡ್ಡು ಹಾಕುವಷ್ಟು ನಮಗೆ ಶಕ್ತಿ ಇಲ್ಲ. ಗೂಗಲ್‌ನಲ್ಲಿ ಹುಡುಕಿಕೊಂಡು ಬರುವವರೇ ನಮಗೆ ಆಧಾರ.

ಮೊದಲೆಲ್ಲ ಬ್ಯಾಡಗಿ ಮೆಣಸಿನಕಾಯಿ ಆನ್‌ಲೈನ್ ಅಂತ ಹುಡುಕಿದರೆ ಮೊದಲ ಪುಟದಲ್ಲೇ ಇದ್ದೆವು. ಈಗ ಮೂರು-ನಾಲ್ಕು ಪುಟ ಹಿಂದೆ ಹೋದರೂ ಸಿಗುವುದಿಲ್ಲ. ಫೋನು, ಆರ್ಡರ್ ಎರಡೂ ಕಡಿಮೆ ಆಗಿವೆ. ಸೈಟು ಮಾಡಿಕೊಟ್ಟವರಿಗೆ ವರ್ಷ ವರ್ಷ ಎಎಂಸಿ (ಸೈಟು ನೋಡಿಕೊಳ್ಳುವ ವಾರ್ಷಿಕ ಕರಾರು) ಕಟ್ಟುತ್ತೇವೆ. ಕೇಳಿದರೆ, ಮೇಂಟೆನನ್ಸ್ ಬೇರೆ, ಎಸ್‌ಇಒ (ಸರ್ಚ್‌ನಲ್ಲಿ ಮೇಲೆ ತರುವ ಕೆಲಸ) ಬೇರೆ, ಅದಕ್ಕೆ ತಿಂಗಳ ಪ್ಯಾಕೇಜ್ ತಗೊಳ್ಳಿ ಅಂತಾರೆ.

ನನ್ನ ಪ್ರಶ್ನೆ ಇಷ್ಟೇ. ಮೇಂಟೆನನ್ಸ್ ಅಂದರೆ ಏನೇನು ಮಾಡಬೇಕು? ಅದಕ್ಕೂ ಸರ್ಚ್‌ನಲ್ಲಿ ಬರುವ ಜಾಗಕ್ಕೂ ಸಂಬಂಧ ಇದೆಯಾ, ಇಲ್ವಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಪ್ಯಾಕೇಜ್ ಈಗಲೇ ತಗೋಬೇಡಿ. ಮೊದಲು ಏನು ಬಿದ್ದಿದೆ, ಯಾವಾಗ ಬಿದ್ದಿದೆ ಅಂತ ನೋಡೋಣ.

ನಿಮ್ಮ ಫೋನಿನಲ್ಲಿ ನೀವೇ ಹುಡುಕಿ ನೋಡಿದ್ದನ್ನು ನಂಬಬೇಡಿ. ಇರುವ ಊರು, ಹುಡುಕುವ ಭಾಷೆ ಇದನ್ನೆಲ್ಲ ನೋಡಿ ಗೂಗಲ್ ಒಬ್ಬೊಬ್ಬರಿಗೆ ಒಂದೊಂದು ಥರ ತೋರಿಸುತ್ತದೆ. ಸರಿಯಾದ ಲೆಕ್ಕ ಸಿಗುವುದು ಸರ್ಚ್ ಕನ್ಸೋಲ್‌ನಲ್ಲಿ. ಅದು ಗೂಗಲ್‌ನದೇ, ಪೂರ್ತಿ ಉಚಿತ. ಯಾವ ಮಾತು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಜಾಗ, ಎಲ್ಲ ಅಲ್ಲಿರುತ್ತದೆ. ಹಿಂದಿನ 16 ತಿಂಗಳ ಲೆಕ್ಕ ಇಟ್ಟಿರುತ್ತಾರೆ.

ಈ 16 ತಿಂಗಳು ನಿಮ್ಮಂಥವರಿಗೆ ತುಂಬಾ ಮುಖ್ಯ. ಬ್ಯಾಡಗಿ ಮಾರುಕಟ್ಟೆಯಲ್ಲಿ ಆವಕ ಜೋರಾಗುವುದು ಜನವರಿ ನಂತರ. ಮನೆಗಳಲ್ಲಿ ವರ್ಷದ ಖಾರ ಕುಟ್ಟಿಸುವುದು ಬೇಸಿಗೆಯಲ್ಲಿ. ಜುಲೈ ಲೆಕ್ಕವನ್ನು ಮಾರ್ಚ್ ಜೊತೆ ಇಟ್ಟು ನೋಡಿದರೆ ಎಂಥ ಒಳ್ಳೆಯ ಸೈಟಾದರೂ ಬಿದ್ದ ಹಾಗೆ ಕಾಣುತ್ತದೆ. ಅದು ಹಂಗಾಮು, ರ‍್ಯಾಂಕ್ ಅಲ್ಲ. ಈ ಮಾರ್ಚನ್ನು ಹೋದ ಮಾರ್ಚ್ ಜೊತೆ ಹೋಲಿಸಿ. ಅಲ್ಲೇ ಕಂಪೇರ್ ಅಂತ ಒಂದು ಆಯ್ಕೆ ಇದೆ.

ಹಾಗೆ ಹೋಲಿಸಿದಾಗಲೂ ಇಳಿದಿದ್ದರೆ, ಪೇಜಸ್ ಟ್ಯಾಬ್ ಒತ್ತಿ. ಇಡೀ ಸೈಟು ಇಳಿದಿದೆಯಾ, ಒಂದೆರಡು ಪುಟ ಮಾತ್ರ ಇಳಿದಿವೆಯಾ ನೋಡಿ. ಎರಡಕ್ಕೂ ಕಾರಣ ಬೇರೆ ಬೇರೆ. ಆಮೇಲೆ ಪೇಜ್ ಇಂಡೆಕ್ಸಿಂಗ್ ವರದಿ ತೆಗೆಯಿರಿ. ಯಾವ ಪುಟಗಳನ್ನು ಗೂಗಲ್ ತನ್ನ ಪಟ್ಟಿಯಿಂದ ಬಿಟ್ಟಿದೆ, ಯಾಕೆ ಬಿಟ್ಟಿದೆ ಅಂತ ಕಾರಣ ಸಮೇತ ಬರೆದಿರುತ್ತದೆ.

ನಿಮ್ಮ ಸೈಟು ವರ್ಡ್‌ಪ್ರೆಸ್ (ಸೈಟು ನಡೆಸುವ ಸಾಫ್ಟ್‌ವೇರ್) ಮೇಲಿದ್ದರೆ ಇನ್ನೊಂದು. ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಇದೆ. ಅದರ ಕೆಳಗೆ, ಸರ್ಚ್ ಎಂಜಿನ್‌ಗಳು ಈ ಸೈಟಿಗೆ ಬರುವುದು ಬೇಡ ಅನ್ನುವ ಅರ್ಥದ ಒಂದು ಚಿಕ್ಕ ಬಾಕ್ಸ್ ಇರುತ್ತದೆ. ಹೊಸ ಡಿಸೈನ್ ಹಾಕುವಾಗ ಟಿಕ್ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಬಿಟ್ಟುಬಿಡುತ್ತಾರೆ. ಹುಬ್ಬಳ್ಳಿಯಲ್ಲೇ ಇಂಥ ಸೈಟುಗಳು ನನ್ನ ಕೈಗೆ ಬಂದಿವೆ. ಬೇರೆ ಏನೂ ತಪ್ಪಿರಲಿಲ್ಲ, ಆ ಒಂದು ಟಿಕ್ ಅಷ್ಟೇ.

ಇನ್ನು ನಿಮ್ಮ ಮೂಲ ಪ್ರಶ್ನೆ. ಪ್ಲಗಿನ್ (ಸೈಟಿಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ದಕ್ಕೆ ಗೂಗಲ್ ಯಾರಿಗೂ ಮೇಲಿನ ಜಾಗ ಕೊಡುವುದಿಲ್ಲ. ಆದರೆ ನೋಡಿಕೊಳ್ಳದೆ ಬಿಟ್ಟರೆ ದುಡಿದು ಗಳಿಸಿದ ಜಾಗ ಹೋಗುತ್ತದೆ. ಸಣ್ಣ ಸೈಟುಗಳು ಕೆಳಗೆ ಬೀಳುವುದು ಹೆಚ್ಚಾಗಿ ಎದುರಿನವರು ಗೆದ್ದದ್ದಕ್ಕಲ್ಲ. ತಮ್ಮದೇ ಮುರಿದ ಪುಟ, ನಿಧಾನ, ಹ್ಯಾಕ್ ಇಂಥದ್ದಕ್ಕೆ. ಹಾಗಾಗಿ ಮೇಂಟೆನನ್ಸ್ ಬೇರೆ, ಎಸ್‌ಇಒ ಬೇರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕೇಶ್ವಾಪುರ_ಡಿಜಿಟಲ್ · ಹುಬ್ಬಳ್ಳಿ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಬೇಡ ಅಂತ ನನ್ನ ಅಭಿಪ್ರಾಯ. ಒಂದಿಷ್ಟು ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಿಮ್ಮದಕ್ಕೆ ಲಿಂಕ್) ಹಾಕಿಸಿ, ಆಟೊಮ್ಯಾಟಿಕ್ ಆಗಿ ಬರೆಯೋ ಟೂಲ್‌ನಿಂದ ದಿನಕ್ಕೆ ಹತ್ತು ಲೇಖನ ಹಾಕಿ. ತಾನಾಗಿ ಮೇಲೆ ಬರುತ್ತೆ.

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ದಯವಿಟ್ಟು ಇದನ್ನು ಮಾಡಬೇಡಿ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮ ಬಿಗಿ ಮಾಡಿತು. ರ‍್ಯಾಂಕ್‌ಗೋಸ್ಕರ ರಾಶಿಗಟ್ಟಲೆ ಪುಟ ತುಂಬಿಸುವುದು ಅದರಲ್ಲಿ ನೇರವಾಗಿ ಬರುತ್ತದೆ, ಮನುಷ್ಯ ಬರೆದರೂ ಅಷ್ಟೇ, ಯಂತ್ರ ಬರೆದರೂ ಅಷ್ಟೇ. ಕೊಂಡುಕೊಂಡ ಲಿಂಕುಗಳಂತೂ ಮೊದಲಿಂದಲೂ ನಿಯಮಕ್ಕೆ ವಿರುದ್ಧ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ ತಾನೇ ಬರೆದುಕೊಂಡಿದೆ. ಮೆಣಸಿನಕಾಯಿ ಮಾರುವ ಮನೆಗೆ ದಿನಕ್ಕೆ ಹತ್ತು ಲೇಖನ ಯಾಕೆ ಬೇಕು? ಡಬ್ಬಿಗೂ ಕಡ್ಡಿಗೂ ಬಣ್ಣ, ಖಾರ ಹೇಗೆ ಬೇರೆ ಅಂತ ಒಂದೇ ಒಂದು ಒಳ್ಳೆಯ ಪುಟ ಬರೆದರೆ ಸಾಕು. ಅದನ್ನು ಬರೆಯುವ ಅರ್ಹತೆ ಬ್ಯಾಡಗಿಯವರಿಗೆ ಇದೆ, ಟೂಲ್‌ಗೆ ಇಲ್ಲ.

ಬ್ಯಾಡಗಿ_ಕಡ್ಡಿ · ಹಾವೇರಿ ಜಿಲ್ಲೆ

ತುಂಬಾ ಉಪಕಾರ ಆಯಿತು. ಆದರೆ ಸರ್ಚ್ ಕನ್ಸೋಲ್ ನಮ್ಮ ಹತ್ತಿರ ಇಲ್ಲವೇ ಇಲ್ಲ. ಎಎಂಸಿಯವರ ಜಿಮೇಲ್‌ನಲ್ಲಿ ಇದೆಯಂತೆ. ಪಾಸ್‌ವರ್ಡ್ ಕೊಡೋಕೆ ಬರಲ್ಲ ಅಂದರು. ಡೊಮೇನ್ (ಸೈಟಿನ ವಿಳಾಸದ ಹೆಸರು) ಕೂಡ ಅವರ ಹೆಸರಲ್ಲೇ ಇದೆ ಅಂತ ಈಗ ಗೊತ್ತಾಯಿತು.

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಪಾಸ್‌ವರ್ಡ್ ಕೇಳುವ ಅಗತ್ಯವೇ ಇಲ್ಲ. ಅವರ ಸರ್ಚ್ ಕನ್ಸೋಲ್ ಸೆಟ್ಟಿಂಗ್‌ನಲ್ಲಿ ಯೂಸರ್ಸ್ ಅಂಡ್ ಪರ್ಮಿಷನ್ಸ್ ಇದೆ. ನಿಮ್ಮ ಜಿಮೇಲ್ ವಿಳಾಸವನ್ನು ಅಲ್ಲಿ ಓನರ್ ಅಂತ ಸೇರಿಸಲು ಹೇಳಿ, ಒಂದು ನಿಮಿಷದ ಕೆಲಸ. ಅವರು ಒಪ್ಪದಿದ್ದರೆ ನೀವೇ ಹೊಸದಾಗಿ ಸೈಟನ್ನು ಸೇರಿಸಿ, ನಿಮ್ಮದು ಅಂತ ದೃಢಪಡಿಸಬಹುದು. ಒಂದು ಸಾಲಿನ ಕೋಡನ್ನು ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಬರೆದಿರುವ ಸೆಟ್ಟಿಂಗ್) ಹಾಕಬೇಕು. ಡಿಎನ್‌ಎಸ್ ಕೈಗೆ ಸಿಗದಿದ್ದರೆ ವರ್ಡ್‌ಪ್ರೆಸ್ ಲಾಗಿನ್ ಸಾಕು, ಸೈಟಿನ ಕೋಡಿನ ಹೆಡ್ ಭಾಗದಲ್ಲಿ ಒಂದು ಟ್ಯಾಗ್ ಹಾಕಿದರೂ ಆಗುತ್ತದೆ. ಸೇರಿಸಿದ ಮೇಲೆ ಹಳೇ ಲೆಕ್ಕವೂ ಕಾಣಿಸುತ್ತದೆ, ಗಾಬರಿ ಬೇಡ.

ಡೊಮೇನ್ ವಿಷಯ ಮಾತ್ರ ಗಂಭೀರ. ನಿಮ್ಮ ಅಂಗಡಿಯ ಹೆಸರು ಇನ್ನೊಬ್ಬರ ಹೆಸರಲ್ಲಿ ಇರಬಾರದು. ಅವರು ಒಂದು ವರ್ಷ ರಿನ್ಯೂ ಮಾಡದಿದ್ದರೆ ಸೈಟೂ ಹೋಯಿತು, ಇಷ್ಟು ವರ್ಷ ಗಳಿಸಿದ ರ‍್ಯಾಂಕೂ ಹೋಯಿತು. ಬಿಟ್ಟುಹೋದ ಡೊಮೇನನ್ನು ಬೇರೆ ಯಾರೋ ಎತ್ತಿಕೊಂಡು ಜೂಜಿನ ಪುಟ ಹಾಕುವುದು ಈಗ ಸಾಮಾನ್ಯ. ಸಮಾಧಾನದಿಂದ ಮಾತಾಡಿ, ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಖಾತೆಯನ್ನು ನಿಮ್ಮ ಹೆಸರಿಗೆ, ನಿಮ್ಮ ಇಮೇಲ್‌ಗೆ, ನಿಮ್ಮ ಮೊಬೈಲ್‌ಗೆ ಬದಲಿಸಿಕೊಳ್ಳಿ. ಜಗಳ ಮಾಡಿಕೊಳ್ಳುವ ಮೊದಲು ಬ್ಯಾಕಪ್ ಇಳಿಸಿಕೊಳ್ಳಿ.

ಬೆಟಗೇರಿ_ಅಚ್ಚುಮೊಳೆ · ಗದಗ

ಇಲ್ಲಿ ನಮ್ಮ ಕಡೆಯದೊಂದು ಸಂಗತಿ ಸೇರಿಸುತ್ತೇನೆ. ಕನ್ನಡ ಸೈಟು ಇರುವ ಎಲ್ಲರೂ ನೋಡಿಕೊಳ್ಳಬೇಕಾದದ್ದು.

ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರು. ಇಲ್ಲಿ ಪ್ರೆಸ್ ಇರುವವರ ಕಂಪ್ಯೂಟರ್ ತುಂಬಾ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫೈಲುಗಳು. ಪುಸ್ತಕಪಟ್ಟಿ, ಪಂಚಾಂಗ, ಆಮಂತ್ರಣದ ಒಕ್ಕಣೆ, ಎಲ್ಲ ಹಳೇ ಫಾಂಟಿನಲ್ಲಿ ಕೂಡಿಸಿದ್ದು. ಸೈಟು ಮಾಡುವಾಗ ಅದನ್ನೇ ಕಾಪಿ ಮಾಡಿ ಹಾಕಿಬಿಡುತ್ತಾರೆ. ಆ ಫಾಂಟ್ ಇರುವವರೆಗೆ ಕಣ್ಣಿಗೆ ಕನ್ನಡವೇ. ಆದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಗೂಗಲ್ ಓದುವುದು ಒಳಗಿರುವುದನ್ನು. ಕನ್ನಡದಲ್ಲಿ ಯಾರು ಏನೇ ಹುಡುಕಿದರೂ ಆ ಪುಟ ಸಿಗುವುದಿಲ್ಲ. ಕೆಲವರು ಇದನ್ನು ತಪ್ಪಿಸಲು ಇಡೀ ಪುಟವನ್ನೇ ಚಿತ್ರ ಮಾಡಿ ಹಾಕುತ್ತಾರೆ. ಅದು ಇನ್ನೂ ಕಷ್ಟ.

ಪರೀಕ್ಷೆ ಸುಲಭ. ನಿಮ್ಮ ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡ ಬಂದರೆ ಯೂನಿಕೋಡ್ (ಎಲ್ಲ ಕಂಪ್ಯೂಟರೂ ಒಂದೇ ಥರ ಓದುವ ಅಕ್ಷರ ಸಂಕೇತ), ಒಳ್ಳೆಯದು. ಅರ್ಥವಿಲ್ಲದ ಚಿಹ್ನೆ ಬಂದರೆ ಹಳೇ ಫಾಂಟು, ಪರಿವರ್ತಕದಲ್ಲಿ ಹಾಕಿ ಬದಲಿಸಬೇಕು. ಬದಲಿಸಿದ ಮೇಲೆ ಒಂದು ಸಲ ಕಣ್ಣಾಡಿಸಲೇಬೇಕು, ಅರ್ಕಾವೊತ್ತು ಕೆಲವು ಸಲ ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ.

ಯೂನಿಕೋಡ್‌ನಲ್ಲೂ ಒಂದು ಕಾಟ ಇದೆ. ಟೈಪ್ ಮಾಡುವವರು ಸೊನ್ನೆ ಬಿಂದು ಹಾಕುವ ಕಡೆ ಕನ್ನಡ ಅಂಕಿಯ ಸೊನ್ನೆಯನ್ನೇ ಹಾಕಿಬಿಡುತ್ತಾರೆ. ಪಂಚಾಂಗ ಅಂತ ಬರೆದ ಹಾಗೆ ಕಾಣುತ್ತದೆ, ಆದರೆ ಕಂಪ್ಯೂಟರಿಗೆ ಅದು ಪ, ಸೊನ್ನೆ, ಚಾ, ಸೊನ್ನೆ, ಗ. ಹುಡುಕುವವರು ಸರಿಯಾಗಿ ಟೈಪ್ ಮಾಡುತ್ತಾರೆ, ನಿಮ್ಮ ಪುಟ ಹೊಂದುವುದೇ ಇಲ್ಲ. ಇಡೀ ಸೈಟಿನಲ್ಲಿ ಫೈಂಡ್ ಕೊಟ್ಟು ಆ ಸೊನ್ನೆಗಳನ್ನು ಹುಡುಕಿ, ಪದದ ನಡುವೆ ಇರುವುದನ್ನು ಬದಲಿಸಿ. ನಾವು ಹೊಸ ಪುಟ ಹಾಕಿದಾಗಲೆಲ್ಲ ಮೊದಲು ಇದನ್ನೇ ನೋಡುತ್ತೇವೆ.

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಇದು ಬಹಳ ಒಳ್ಳೆಯ ಮಾತು. ಇಂಗ್ಲಿಷ್‌ನಲ್ಲಿ ಬರೆದಿರುವ ಯಾವ ಎಸ್‌ಇಒ ಪಟ್ಟಿಯಲ್ಲೂ ಇದು ಸಿಗುವುದಿಲ್ಲ. ಇದರ ಜೊತೆ ಊರ ಹೆಸರನ್ನೂ ನೋಡಿಕೊಳ್ಳಿ. 2014ರ ನವೆಂಬರ್ 1ರಿಂದ ನಮ್ಮೂರು ಇಂಗ್ಲಿಷ್‌ನಲ್ಲೂ ಹುಬ್ಬಳ್ಳಿ ಆಯಿತು. ಆದರೂ ಹುಬ್ಲಿ ಅಂತ ಟೈಪ್ ಮಾಡುವವರು ಇನ್ನೂ ಬೇಕಾದಷ್ಟು ಜನ. ಗೂಗಲ್ ಬಹುಮಟ್ಟಿಗೆ ಎರಡೂ ಒಂದೇ ಅಂತ ತಿಳಿದುಕೊಳ್ಳುತ್ತದೆ. ಆದರೂ ವಿಳಾಸದ ಪುಟದಲ್ಲಿ ಎರಡೂ ರೂಪ ಒಂದೊಂದು ಸಲ ಇದ್ದರೆ ನಷ್ಟ ಇಲ್ಲ.

ಸಪ್ತಾಪುರ_ಓದುಗ · ಧಾರವಾಡ

ನಾನು ಇಲ್ಲಿನ ಒಂದು ಕೋಚಿಂಗ್ ಸೆಂಟರ್‌ನ ಸೈಟು ನೋಡಿಕೊಳ್ಳುತ್ತೇನೆ. ಪಿಎಸ್‌ಐ, ಕೆಎಎಸ್, ಪಿಡಿಒ, ಟಿಇಟಿ ಎಲ್ಲದಕ್ಕೂ ನೋಟಿಫಿಕೇಶನ್ ಬಂದಾಗ ಒಂದೊಂದು ಪುಟ ಹಾಕುತ್ತೇವೆ. ಕೊನೇ ದಿನಾಂಕ ಮುಗಿದ ಹಳೇ ಪುಟಗಳು ನೂರಾರು ಬಿದ್ದಿವೆ. ಎಲ್ಲ ಅಳಿಸಿದರೆ ಸೈಟು ಫ್ರೆಶ್ ಆಗಿ ರ‍್ಯಾಂಕ್ ಬರುತ್ತೆ ಅಂತ ಒಬ್ಬರು ಹೇಳಿದರು. ನಿಜಾನಾ? ಟೈಟಲ್‌ನಲ್ಲಿ ವರ್ಷ ಬದಲಿಸಿದರೆ ಸಾಕು ಅಂತ ಇನ್ನೊಬ್ಬರು.

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಎರಡೂ ಬೇಡ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಅಳಿಸಿದರೆ ಲಾಭ ಇಲ್ಲ ಅಂತ ಗೂಗಲ್ 2023ರಲ್ಲೇ ಸ್ಪಷ್ಟ ಮಾಡಿದೆ. ಒಳಗಿನದು ಏನೂ ಬದಲಾಗದೆ ದಿನಾಂಕ, ವರ್ಷ ಮಾತ್ರ ತಿದ್ದುವುದು ಬೇಡ ಅಂತಲೂ ಅದರ ಮಾರ್ಗದರ್ಶನದಲ್ಲಿದೆ.

ಸರ್ಚ್ ಕನ್ಸೋಲ್ ತೆಗೆದು ಆ ಪುಟಗಳಿಗೆ ಕ್ಲಿಕ್ ಬರುತ್ತಿದೆಯಾ ನೋಡಿ. ಹಳೇ ಪ್ರಶ್ನೆಪತ್ರಿಕೆ, ಕೀ ಉತ್ತರ ಇರುವ ಪುಟಗಳಿಗೆ ವರ್ಷಗಟ್ಟಲೆ ಜನ ಬರುತ್ತಾರೆ. ಅವನ್ನು ಮುಟ್ಟಬೇಡಿ. ಯಾರೂ ಬಾರದ, ಎರಡೇ ಸಾಲಿನ ಪ್ರಕಟಣೆಗಳನ್ನು ಒಂದು ಪುಟಕ್ಕೆ ಸೇರಿಸಿ, ಹಳೇ ವಿಳಾಸಗಳನ್ನು ಅದಕ್ಕೆ ತಿರುಗಿಸಿ. ಕೊನೇ ದಿನಾಂಕ ಮುಗಿದಿದ್ದರೆ ಪುಟದ ಮೇಲೆಯೇ ದೊಡ್ಡದಾಗಿ ಬರೆಯಿರಿ. ನೌಕರಿ ಹುಡುಕುವ ಹುಡುಗ ಹಳೇ ದಿನಾಂಕ ನಂಬಿ ಕೆಡಬಾರದು. ರ‍್ಯಾಂಕಿಗಿಂತ ಅದು ದೊಡ್ಡದು.

ಸಪ್ತಾಪುರ_ಓದುಗ · ಧಾರವಾಡ

ಸರಿ ಸರ್, ಹಾಗೇ ಮಾಡುತ್ತೇನೆ.

ಗೋಕುಲ_ರೋಡ್_ವರ್ಕ್‌ಶಾಪ್ · ಹುಬ್ಬಳ್ಳಿ

ಬ್ಯಾಡಗಿಯವರೇ, ಇದೊಂದನ್ನು ಇವತ್ತೇ ನೋಡಿ. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೇನ್ ಟೈಪ್ ಮಾಡಿ. ನಿಮ್ಮ ಸೈಟಿನ ಯಾವ ಪುಟಗಳು ಗೂಗಲ್‌ನಲ್ಲಿವೆ ಅಂತ ಕಾಣುತ್ತದೆ.

ನಮ್ಮ ಪಕ್ಕದ ಶೆಡ್‌ನವರು ಪಂಪಿನ ಬಿಡಿಭಾಗ ಮಾಡುತ್ತಾರೆ. ಅವರ ಸೈಟಿನಲ್ಲಿ ಇದ್ದದ್ದು ಹತ್ತಾರು ಪುಟ. ಹೀಗೆ ಹುಡುಕಿದಾಗ ಪುಟಗಟ್ಟಲೆ ಜಪಾನಿ ಅಕ್ಷರ! ಚಪ್ಪಲಿ, ಕೈಚೀಲ, ಗಡಿಯಾರದ ಚಿತ್ರಗಳು. ಅದೇ ಲಿಂಕ್ ಒತ್ತಿದರೆ ಪುಟ ಇಲ್ಲ ಅಂತ ಬರುತ್ತಿತ್ತು. ಸೈಟಿನ ಮುಖಪುಟ ತೆಗೆದರೆ ಎಲ್ಲ ಮಾಮೂಲಿಯಾಗೇ ಇತ್ತು. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಗೂಗಲ್‌ನ ಬಾಟ್ (ಪುಟ ಓದುವ ಯಂತ್ರ) ಬಂದಾಗ ಮಾತ್ರ ಆ ಪುಟ ತೋರಿಸುವ ಹಾಗೆ ಕಳ್ಳರು ಮಾಡಿಟ್ಟಿದ್ದರು. ಆರ್ಡರ್ ನಿಂತಿದ್ದಕ್ಕೆ ಮಾರುಕಟ್ಟೆ ಮಂದ ಅಂದುಕೊಂಡು ಕೂತಿದ್ದರು, ಪಾಪ.

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಇದಕ್ಕೆ ಜಪಾನಿ ಕೀವರ್ಡ್ ಹ್ಯಾಕ್ ಅಂತಲೇ ಹೆಸರಿದೆ. ಗೂಗಲ್ ಇದಕ್ಕಾಗಿಯೇ ಒಂದು ಸಹಾಯ ಪುಟ ಬರೆದಿದೆ. ಬಹಳ ಸಲ ಬಾಗಿಲು ತೆರೆದುಕೊಡುವುದು ಅಪ್‌ಡೇಟ್ ಮಾಡದ ಪ್ಲಗಿನ್, ಇಲ್ಲವೇ ಉಚಿತ ಅಂತ ಎಲ್ಲಿಂದಲೋ ತಂದು ಹಾಕಿದ ಪೈರೇಟೆಡ್ ಥೀಮ್.

ಸ್ವಚ್ಛ ಮಾಡುವಾಗ ಫೈಲು ಅಳಿಸಿ ಸುಮ್ನೆ ಕೂತರೆ ಮತ್ತೆ ಬರುತ್ತದೆ. ಒಳ್ಳೆಯ ಸ್ಥಿತಿಯಲ್ಲಿದ್ದ ಬ್ಯಾಕಪ್ ಹಾಕಿ, ಎಲ್ಲ ಅಪ್‌ಡೇಟ್ ಮಾಡಿ, ಹೋಸ್ಟಿಂಗ್ (ಸೈಟು ಇಟ್ಟಿರುವ ಸರ್ವರ್ ಖಾತೆ), ಡೇಟಾಬೇಸ್, ವರ್ಡ್‌ಪ್ರೆಸ್ ಮೂರರ ಪಾಸ್‌ವರ್ಡ್ ಬದಲಿಸಿ. ಸರ್ಚ್ ಕನ್ಸೋಲ್‌ನ ಓನರ್ ಪಟ್ಟಿಯಲ್ಲಿ ಪರಿಚಯ ಇಲ್ಲದ ಇಮೇಲ್ ಇದೆಯಾ ನೋಡಿ. ಕಳ್ಳರು ತಮ್ಮನ್ನೇ ಮಾಲೀಕರು ಅಂತ ಸೇರಿಸಿಕೊಳ್ಳುತ್ತಾರೆ. ಪಟ್ಟಿಯಿಂದ ತೆಗೆದರೆ ಸಾಲದು, ದೃಢೀಕರಣಕ್ಕೆ ಅವರು ಸರ್ವರ್‌ನಲ್ಲಿ ಇಟ್ಟ ಚಿಕ್ಕ ಎಚ್‌ಟಿಎಂಎಲ್ ಫೈಲನ್ನೂ ತೆಗೆಯಬೇಕು. ಇಲ್ಲದಿದ್ದರೆ ಮತ್ತೆ ಸೇರಿಕೊಳ್ಳುತ್ತಾರೆ. ಸೆಕ್ಯುರಿಟಿ ಇಶ್ಯೂಸ್ ಟ್ಯಾಬ್‌ನಲ್ಲಿ ಎಚ್ಚರಿಕೆ ಬಂದಿದ್ದರೆ ಎಲ್ಲ ಮುಗಿದ ಮೇಲೆ ಅಲ್ಲಿಂದಲೇ ಮರುಪರಿಶೀಲನೆ ಕೇಳಿ.

ಬ್ಯಾಕಪ್ ಇದೆ ಅಂತ ಎಎಂಸಿಯವರು ಹೇಳಿದರೆ ವರ್ಷಕ್ಕೆ ಒಮ್ಮೆಯಾದರೂ ಅದನ್ನು ಬೇರೆ ಕಡೆ ಹಾಕಿ ತೋರಿಸಲು ಹೇಳಿ. ತೆರೆಯದ ಬ್ಯಾಕಪ್‌ನಿಂದ ಏನೂ ಪ್ರಯೋಜನ ಇಲ್ಲ. ಬ್ಯಾಕಪ್ ಅದೇ ಸರ್ವರ್‌ನಲ್ಲಿ ಇರುವುದೂ ಬೇಡ, ಸರ್ವರ್ ಹೋದರೆ ಎರಡೂ ಹೋಗುತ್ತವೆ.

ನವನಗರ_ವಿದ್ಯಾರ್ಥಿ · ಹುಬ್ಬಳ್ಳಿ

ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಮ್ಮ ಮಾವನ ಅಂಗಡಿ ಸೈಟಿಗೆ 43 ಅಂಕ ಬಂತು. 100 ಮಾಡಿದರೆ ಮೊದಲ ಪುಟಕ್ಕೆ ಬರುತ್ತಾ?

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಅಂಕದ ಹಿಂದೆ ಓಡಬೇಡಿ. ಗೂಗಲ್ ತೂಗುವುದು ಆ ಅಂಕವನ್ನಲ್ಲ, ನಿಜವಾದ ಜನರ ಫೋನಿನಲ್ಲಿ ಪುಟ ಹೇಗೆ ನಡೆಯಿತು ಅನ್ನುವುದನ್ನು. ಕೋರ್ ವೆಬ್ ವೈಟಲ್ಸ್ ಅಂತಾರೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಈ ಅಳತೆ 2024ರ ಮಾರ್ಚ್‌ನಿಂದ ಬಂದದ್ದು. ಮೂರನೆಯದು, ಓದುತ್ತಿರುವಾಗ ಪುಟ ಜಿಗಿಯಬಾರದು, ಅದರ ಅಂಕಿ 0.1ರ ಒಳಗಿರಬೇಕು. ಭೇಟಿ ಕಡಿಮೆ ಇರುವ ಸಣ್ಣ ಸೈಟಿಗೆ ಎಷ್ಟೋ ಸಲ ಈ ಲೆಕ್ಕವೇ ಬರುವುದಿಲ್ಲ.

ಬರಲಿ ಬಿಡಲಿ, ಫೋಟೊ ಮಾತ್ರ ಸರಿ ಮಾಡಿ. ಫೋನಿನಿಂದ ತೆಗೆದ ಐದಾರು ಎಂಬಿ ಚಿತ್ರವನ್ನು ಹಾಗೇ ಏರಿಸುತ್ತಾರೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ (ಚಿತ್ರವನ್ನು ಚಿಕ್ಕದಾಗಿ ಇಡುವ ಫೈಲಿನ ಬಗೆ) ಮಾಡಿದರೆ ನೂರಿನ್ನೂರು ಕೆಬಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುಖಪುಟದಲ್ಲಿ ತಾನಾಗಿ ಓಡುವ ಸ್ಲೈಡರ್ ತೆಗೆದುಹಾಕಿ. ಮೇಲಿನ ಮೊದಲ ಚಿತ್ರಕ್ಕೆ ಲೇಜಿ ಲೋಡ್ (ಅಲ್ಲಿಗೆ ಸರಿಸಿದಾಗ ಮಾತ್ರ ಚಿತ್ರ ತರುವುದು) ಹಾಕಬೇಡಿ. ನೋಡುವುದು ಫೋನಿನಲ್ಲೇ ನೋಡಿ. ಗೂಗಲ್ ಈಗ ಸೈಟುಗಳನ್ನು ಮೊಬೈಲ್ ರೂಪದಲ್ಲೇ ಓದುತ್ತದೆ.

ಲಕ್ಕುಂಡಿ_ಬಾವಿ · ಗದಗ

ನಮ್ಮದು ಲಕ್ಕುಂಡಿ ಹತ್ತಿರ ಹೋಂಸ್ಟೇ. ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲೇ ಉಚಿತವಾಗಿ ಸಿಗುತ್ತಿದ್ದ ಸೈಟು ಇಟ್ಟುಕೊಂಡಿದ್ದೆವು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೌಲಭ್ಯ ನಿಲ್ಲಿಸಿತು. ಹಳೇ ವಿಳಾಸಕ್ಕೆ ಬಂದವರನ್ನು ಜೂನ್ 10ರ ತನಕ ನಮ್ಮ ಪ್ರೊಫೈಲ್‌ಗೆ ತಿರುಗಿಸುತ್ತಿತ್ತು, ಆಮೇಲೆ ಅದೂ ಇಲ್ಲ. ಈಗ ಸ್ವಂತ ಡೊಮೇನ್ ಇದೆ. ಆದರೆ ನಮ್ಮ ಬಗ್ಗೆ ಬರೆದ ಬ್ಲಾಗುಗಳಲ್ಲಿ, ಪ್ರವಾಸದ ಪಟ್ಟಿಗಳಲ್ಲಿ ಇನ್ನೂ ಹಳೇ ಲಿಂಕೇ ಇದೆ. ಏನು ಮಾಡುವುದು?

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಆ ವಿಳಾಸ ಗೂಗಲ್‌ನದ್ದು, ಹಾಗಾಗಿ ನೀವು ತಿರುಗಿಸಲು ಬರುವುದಿಲ್ಲ. ಬರೆದವರಿಗೆ ಒಂದೊಂದು ಸಂದೇಶ ಕಳಿಸಿ, ಹೊಸ ಲಿಂಕ್ ಹಾಕಲು ಕೇಳಿ. ಹೆಚ್ಚಿನವರು ಖುಷಿಯಿಂದ ಬದಲಿಸುತ್ತಾರೆ. ಹೊಸ ಲಿಂಕ್ ಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಪ್ರೊಫೈಲ್‌ನಲ್ಲಿ ಸೈಟಿನ ವಿಳಾಸ, ಫೋನು, ಸಮಯ ಸರಿ ಇದೆಯಾ ನೋಡಿ. ಹಬ್ಬದ ರಜೆಯ ಸಮಯವನ್ನೂ ಹಾಕಿ. ನಿಮ್ಮಲ್ಲಿಗೆ ಬರುವವರು ಮೊದಲು ನೋಡುವುದೇ ಮ್ಯಾಪ್.

ಲಕ್ಕುಂಡಿ_ಬಾವಿ · ಗದಗ

ಮಾಗಡಿ ಕೆರೆಗೆ ಪಟ್ಟೆ ತಲೆ ಹೆಬ್ಬಾತು ಬರುವ ಕಾಲಕ್ಕೆ ಪ್ರತಿ ಚಳಿಗಾಲ ಒಂದು ಹೊಸ ಪುಟ ಹಾಕುತ್ತೇವೆ. ಅದು ಸರಿನಾ?

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಹೊಸ ಪುಟ ಬೇಡ, ಒಂದೇ ಪುಟ ಇರಲಿ. ವಿಳಾಸದಲ್ಲಿ ವರ್ಷ ಹಾಕಬೇಡಿ. ಪ್ರತಿ ನವೆಂಬರ್‌ನಲ್ಲಿ ಅದನ್ನೇ ತೆಗೆದು ಆ ವರ್ಷ ನೀರು ಎಷ್ಟಿದೆ, ಹಕ್ಕಿ ಬಂದಿವೆಯಾ, ಹೊಸ ಫೋಟೊ, ಇದನ್ನು ಸೇರಿಸಿ. ಹೀಗೆ ಮಾಡಿದರೆ ಹೋದ ವರ್ಷ ಗಳಿಸಿದ ಹೆಸರು ಈ ವರ್ಷಕ್ಕೂ ಉಳಿಯುತ್ತದೆ.

ಬ್ಯಾಡಗಿ_ಕಡ್ಡಿ · ಹಾವೇರಿ ಜಿಲ್ಲೆ

ಸರ್ಚ್ ಕನ್ಸೋಲ್ ಸಿಕ್ಕಿತು! ಅವರೇ ಓನರ್ ಅಂತ ಸೇರಿಸಿದರು. ಹ್ಯಾಕ್ ಆಗಿಲ್ಲ, ಆ ಟಿಕ್ ಕೂಡ ಇಲ್ಲ. ಆದರೆ ಮೇಲಿನ ಉತ್ತರ ಓದಿ ಎದೆ ಧಸಕ್ಕೆಂದಿತು.

ಪೇಜ್ ಇಂಡೆಕ್ಸಿಂಗ್‌ನಲ್ಲಿ 404 (ಪುಟ ಸಿಗಲಿಲ್ಲ) ಅಂತ ಒಂದು ದೊಡ್ಡ ಪಟ್ಟಿ ಇದೆ. ಒಂದೊಂದೇ ತೆಗೆದು ನೋಡಿದೆ. ನಮ್ಮ ಹಳೇ ಮಾಲಿನ ಪುಟಗಳು. ಪ್ರತಿ ಹಂಗಾಮಿಗೆ ಹೊಸ ಬೆಳೆ ಬಂದಾಗ ಸೈಟಿನವರು ಹಳೇ ವರ್ಷದ ಪುಟ ಅಳಿಸಿ ಹೊಸ ವರ್ಷದ ಹೆಸರಲ್ಲಿ ಬೇರೆ ಪುಟ ಮಾಡುತ್ತಿದ್ದರು. ಪರ್ಫಾರ್ಮೆನ್ಸ್‌ನಲ್ಲಿ ಹೋದ ವರ್ಷ ಅತಿ ಹೆಚ್ಚು ಕ್ಲಿಕ್ ಬಂದ ಎರಡು ಪುಟ ಇವೆ. ಡಬ್ಬಿ ಒಂದು ಕೆಜಿ, ತೊಟ್ಟು ತೆಗೆದ ಕಡ್ಡಿ. ಎರಡೂ ಈಗ ಆ 404 ಪಟ್ಟಿಯಲ್ಲಿವೆ. ಒಬ್ಬರು ಅಡುಗೆ ಬ್ಲಾಗಿನವರು ಬಿಸಿಬೇಳೆಬಾತ್ ಪುಡಿಯ ಲೇಖನದಲ್ಲಿ ನಮ್ಮ ಡಬ್ಬಿ ಪುಟಕ್ಕೆ ಲಿಂಕ್ ಕೊಟ್ಟಿದ್ದಾರೆ. ಅದನ್ನು ಒತ್ತಿದರೂ ಪುಟ ಇಲ್ಲ ಅಂತಲೇ ಬರುತ್ತದೆ.

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಸಿಕ್ಕಿತು ನೋಡಿ ಕಾರಣ. ಅಂಗಡಿಯನ್ನು ಬೇರೆ ಬೀದಿಗೆ ಸಾಗಿಸಿ, ಹಳೇ ಬಾಗಿಲ ಮೇಲೆ ಒಂದು ಬೋರ್ಡೂ ಹಾಕದೆ ಹೋದ ಹಾಗೆ ಆಗಿದೆ. ಜನ, ಗೂಗಲ್ ಇಬ್ಬರೂ ಹಳೇ ಬಾಗಿಲಿಗೆ ಬಂದು ವಾಪಸ್ ಹೋಗುತ್ತಿದ್ದಾರೆ. ಹೊಸ ಪುಟ ಪ್ರತಿ ವರ್ಷ ಸೊನ್ನೆಯಿಂದ ಶುರು ಮಾಡಬೇಕಾಗಿದೆ.

ಹೀಗೆ ಮಾಡಿ. ಡಬ್ಬಿಗೆ ಒಂದು, ಕಡ್ಡಿಗೆ ಒಂದು, ಪುಡಿಗೆ ಒಂದು, ಇಷ್ಟೇ ಪುಟ. ವಿಳಾಸದಲ್ಲಿ ವರ್ಷ ಬೇಡ, ಬೆಲೆ ಬೇಡ. ಹಳೇ ವರ್ಷಗಳ ಪ್ರತಿ ವಿಳಾಸವನ್ನೂ ಅದಕ್ಕೆ ಸರಿಹೊಂದುವ ಪುಟಕ್ಕೆ 301 ರಿಡೈರೆಕ್ಟ್ (ಹೊಸ ವಿಳಾಸಕ್ಕೆ ಶಾಶ್ವತವಾಗಿ ತಿರುಗಿಸುವುದು) ಮಾಡಿಸಿ. ಡಬ್ಬಿಯದು ಡಬ್ಬಿಗೆ, ಕಡ್ಡಿಯದು ಕಡ್ಡಿಗೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಕೆಲಸ ಆಗುವುದಿಲ್ಲ, ಗೂಗಲ್ ಅಂಥದ್ದನ್ನು ಸಾಫ್ಟ್ 404 (ತೆರೆದರೂ ಕೇಳಿದ್ದು ಇಲ್ಲದ ಪುಟ) ಅಂತ ಬದಿಗಿಡುತ್ತದೆ. ರಿಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ ಹೇಳುತ್ತದೆ. ನೀವು ತೆಗೆಯಲೇಬೇಡಿ.

ಮಾಲು ಮುಗಿದಾಗಲೂ ಪುಟ ಅಳಿಸಬೇಡಿ. ಸ್ಟಾಕ್ ಇಲ್ಲ, ಹೊಸ ಬೆಳೆ ಜನವರಿಗೆ ಅಂತ ಬರೆದು, ಫೋನ್ ನಂಬರ್ ಬಿಟ್ಟುಹೋಗುವ ಒಂದು ಜಾಗ ಕೊಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಅದರ ಬಗ್ಗೆ ನಾಲ್ಕು ಸಾಲು, ಕೈಯಲ್ಲಿ ಹಿಡಿದು ತೆಗೆದ ಎರಡು ಫೋಟೊ, ಡಬ್ಬಿ ಯಾಕೆ ಗುಂಡಗೆ, ಕಡ್ಡಿ ಯಾಕೆ ಉದ್ದ ಸುಕ್ಕು. ಇದೆಲ್ಲ ಆ ಪುಟದಲ್ಲೇ ವರ್ಷ ವರ್ಷ ಬೆಳೆಯಲಿ.

ಸೈಟ್‌ಮ್ಯಾಪ್‌ನಲ್ಲಿ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ) ಈಗಿರುವ ಪುಟಗಳು ಮಾತ್ರ ಇರಬೇಕು. ಅದರಲ್ಲಿ ಲಾಸ್ಟ್‌ಮಾಡ್ ಅನ್ನುವ ದಿನಾಂಕ ನಿಜವಾಗಿ ತಿದ್ದಿದ ದಿನ ಇರಲಿ. ಸುಳ್ಳು ದಿನಾಂಕ ಕೊಡುತ್ತಾ ಹೋದರೆ ಗೂಗಲ್ ಅದನ್ನು ನಂಬುವುದು ಬಿಟ್ಟುಬಿಡುತ್ತದೆ.

ಗೋಕುಲ_ರೋಡ್_ವರ್ಕ್‌ಶಾಪ್ · ಹುಬ್ಬಳ್ಳಿ

ಎಸ್‌ಎಸ್‌ಎಲ್ (ಸೈಟಿನ ಸಂಪರ್ಕ ಸುರಕ್ಷಿತ ಅಂತ ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟ್) ಬಗ್ಗೆ ಯಾರೂ ಹೇಳಲಿಲ್ಲ. ಅದು ಮುಗಿದ ದಿನ ಸೈಟಿನ ಮೇಲೆ ಕೆಂಪು ಎಚ್ಚರಿಕೆ ಬರುತ್ತಲ್ವಾ?

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಬರುತ್ತದೆ, ಬಂದವರು ಹಾಗೇ ಓಡಿಹೋಗುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯ ಉಚಿತ ಸರ್ಟಿಫಿಕೇಟ್ 90 ದಿನದ್ದು. ಅವಧಿ ಮುಗಿಯುತ್ತಿದೆ ಅಂತ ಅವರು ಕಳಿಸುತ್ತಿದ್ದ ಇಮೇಲ್ 2025ರ ಜೂನ್‌ಗೆ ನಿಂತಿದೆ. ದುಡ್ಡು ಕೊಟ್ಟು ಕೊಳ್ಳುವ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿಯೂ 2026ರ ಮಾರ್ಚ್ 15ರಿಂದ 200 ದಿನ, 2029ರ ಮಾರ್ಚ್ 15ಕ್ಕೆ 47 ದಿನ ಅಂತ ತೀರ್ಮಾನ ಆಗಿದೆ. ಕೈಯಿಂದ ನೆನಪಿಟ್ಟು ಹಾಕುವ ಕಾಲ ಮುಗಿಯಿತು. ಹೋಸ್ಟಿಂಗ್‌ನಲ್ಲಿ ಆಟೊ ರಿನ್ಯೂ ಇದೆಯಾ ಅಂತ ಈಗಲೇ ಖಾತ್ರಿ ಮಾಡಿಕೊಳ್ಳಿ.

ಬ್ಯಾಡಗಿ_ಕಡ್ಡಿ · ಹಾವೇರಿ ಜಿಲ್ಲೆ

ಎಎಂಸಿ ರಿನ್ಯೂ ಮಾಡುವ ಸಮಯ ಬಂದಿದೆ. ಅದೇ ಎಎಂಸಿಯವರ ಜೊತೆ ಮುಂದುವರಿಯಲು ನಮಗೆ ಬೇಜಾರಿಲ್ಲ, ಕೆಲಸ ಮಾತ್ರ ಆಗಬೇಕು. ಕರಾರಿನಲ್ಲಿ ಏನು ಬರೆಸಲಿ?

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ನಿಮ್ಮ ಹೆಸರಲ್ಲಿ. ಅವರಿಗೆ ಕೆಲಸಕ್ಕೆ ಬೇಕಾದಷ್ಟು ಪರ್ಮಿಷನ್. ನಿಮ್ಮನ್ನು ಕೇಳದೆ ಯಾವ ಪುಟವನ್ನೂ ಅಳಿಸಬಾರದು, ವಿಳಾಸ ಬದಲಿಸಬಾರದು. ಬದಲಿಸಿದರೆ ರಿಡೈರೆಕ್ಟ್ ಕಡ್ಡಾಯ. ಈ ಸಾಲನ್ನು ಬಿಡಲೇಬೇಡಿ. ತಿಂಗಳಿಗೊಮ್ಮೆ ಏನು ಅಪ್‌ಡೇಟ್ ಮಾಡಿದರು ಅಂತ ಬರೆದು ಕಳಿಸಲಿ, ಜೊತೆಗೆ ಇಂಡೆಕ್ಸಿಂಗ್ ವರದಿಯ ಚಿತ್ರ. ಪಿಎಚ್‌ಪಿ (ಸರ್ವರ್‌ನಲ್ಲಿ ವರ್ಡ್‌ಪ್ರೆಸ್ ಓಡಿಸುವ ಸಾಫ್ಟ್‌ವೇರ್) ಹಳೆಯದಾದರೆ ಹೊಸದಕ್ಕೆ ಏರಿಸುವುದೂ ಅವರ ಕೆಲಸವೇ. 7.4ಕ್ಕೆ ಭದ್ರತಾ ಅಪ್‌ಡೇಟ್ 2022ರ ನವೆಂಬರ್‌ಗೇ ನಿಂತಿದೆ, ಇನ್ನೂ ಅದರ ಮೇಲೆ ಓಡುವ ಸೈಟುಗಳು ನಮ್ಮ ಊರಲ್ಲೇ ಸಿಗುತ್ತವೆ.

ಮಾರುಕಟ್ಟೆ ಜೋರಿರುವ ಸೋಮವಾರ, ಗುರುವಾರ ಯಾವ ಅಪ್‌ಡೇಟೂ ಬೇಡ ಅಂತಲೂ ಹೇಳಿ. ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್, ಆಮೇಲೆ ಒಂದು ಆರ್ಡರ್ ತಾವೇ ಹಾಕಿ ನೋಡುವುದು. ದೊಡ್ಡ ಬದಲಾವಣೆ ಇದ್ದರೆ ಮಳೆಗಾಲದಲ್ಲಿ ಮುಗಿಸಿಕೊಳ್ಳಲಿ.

ಬ್ಯಾಡಗಿ_ಕಡ್ಡಿ · ಹಾವೇರಿ ಜಿಲ್ಲೆ

ಮಾತಾಡಿದೆ, ಒಪ್ಪಿದ್ದಾರೆ. ಡೊಮೇನ್ ವರ್ಗಾವಣೆಗೂ ಹೂಂ ಅಂದಿದ್ದಾರೆ. ಡಬ್ಬಿ, ಕಡ್ಡಿಯ ಹಳೇ ವಿಳಾಸಗಳಿಗೆ ರಿಡೈರೆಕ್ಟ್ ಹಾಕಿ ಆಯಿತು, ನಾನೇ ಒಂದೊಂದು ಒತ್ತಿ ನೋಡಿದೆ, ಸರಿಯಾದ ಪುಟಕ್ಕೆ ಹೋಗುತ್ತಿವೆ. ಅಡುಗೆ ಬ್ಲಾಗಿನ ಲಿಂಕ್ ಕೂಡ ಈಗ ತೆರೆಯುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ಇನ್ನೂ 404 ಅಂತಲೇ ತೋರಿಸುತ್ತಿದೆ. ಇನ್ನೇನಾದರೂ ಮಾಡಬೇಕಾ?

ವಿದ್ಯಾನಗರ_ವೆಬ್ · ಹುಬ್ಬಳ್ಳಿ

ಆ 404 ಪಟ್ಟಿಯ ಮೇಲೆ ವ್ಯಾಲಿಡೇಟ್ ಫಿಕ್ಸ್ ಅಂತ ಬಟನ್ ಇದೆ, ಒತ್ತಿ. ಗೂಗಲ್ ಮತ್ತೆ ಬಂದು ನೋಡಲು ಎರಡು ವಾರ, ಕೆಲವು ಸಲ ಇನ್ನೂ ಜಾಸ್ತಿ ಹಿಡಿಯುತ್ತದೆ. ಆಗ ಆ ವಿಳಾಸಗಳು 404ರಿಂದ ಮಾಯವಾಗಿ ಪೇಜ್ ವಿತ್ ರಿಡೈರೆಕ್ಟ್ ಅನ್ನುವ ಸಾಲಿಗೆ ಹೋಗುತ್ತವೆ. ಅದನ್ನೂ ಇಂಡೆಕ್ಸ್ ಆಗಿಲ್ಲ ಅನ್ನುವ ಪಟ್ಟಿಯಲ್ಲೇ ತೋರಿಸುತ್ತಾರೆ, ಹೆದರಬೇಡಿ, ಅದು ಹಾಗೇ ಇರಬೇಕು. ಹೊಸ ಡಬ್ಬಿ ಪುಟ, ಕಡ್ಡಿ ಪುಟ ಎರಡನ್ನೂ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿ ಇಂಡೆಕ್ಸಿಂಗ್ ಕೇಳಿ, ಒಂದು ಸಲ ಸಾಕು. ಬರುವ ಮಾರ್ಚ್‌ನ ಲೆಕ್ಕ ಬಂದ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.